ಸಕ್ಕರೆಯಿಲ್ಲದ ಸ್ಮೂದಿ ಮತ್ತು ಯಜಮಾನರ ಕಣ್ಣಿನ ಪೊರೆ

ಮಿಕ್ಸಿ ಜಾರಿಗೆ ಸಕ್ಕರೆ ಹಾಕದೆ ಬರೀ ಹಣ್ಣು ಹಾಕಿ ನೋಡಿ, ಮನೆಯಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ನಮ್ಮ ಮನೆಯಲ್ಲಂತೂ ಐದು ತಿಂಗಳಿಂದ ಆಗುತ್ತಲೇ ಇದೆ.

ನಾನು ಹುಟ್ಟಿದ್ದು ವಿಜಯಪುರದ ಕಡೆ. ಜೋಳದ ಸೀಮೆಯವಳು. ಮದುವೆಯಾಗಿ ಈ ಕಡೆ ಬಂದು ನಲವತ್ತೈದು ವರ್ಷವಾಯಿತು. ಟೀಚರಾಗಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಸುತ್ತಿ, ರಿಟೈರಾಗಿ ಹಾಸನದಲ್ಲಿ ನೆಲೆನಿಂತಿದ್ದೇನೆ. ಇಷ್ಟು ವರ್ಷದಲ್ಲಿ ಇಲ್ಲಿಯವರ ಬಗ್ಗೆ ಕಲಿತ ಪಾಠ ಒಂದೇ. ಇವರು ಏನನ್ನು ಬೇಕಾದರೂ ಕ್ಷಮಿಸುತ್ತಾರೆ, ಸಕ್ಕರೆ ಕಮ್ಮಿ ಹಾಕಿದ್ದನ್ನು ಮಾತ್ರ ಕ್ಷಮಿಸುವುದಿಲ್ಲ.

೧. ಬರೀ ಜ್ಯೂಸು

ನಮ್ಮ ಯಜಮಾನರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಸಂಜೆ ಗೇಟಿನ ಹತ್ತಿರ ಒಣಹಾಕಿದ್ದ ನನ್ನ ಸೀರೆಗೆ "ಅಲ್ಯಾಕೆ ನಿಂತಿದೀರ, ಬನ್ನಿ ಒಳಗೆ" ಎಂದು ಎರಡು ಸಲ ಕರೆದರು. ಮಾರನೆಯ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಆಪರೇಷನ್ ಮಾಡಬಹುದು ಯಜಮಾನ್ರೇ. ಆದ್ರೆ ಶುಗರ್ ಇಷ್ಟಿಟ್ಕೊಂಡು ಬಂದ್ರೆ ನಾನು ಕಣ್ಣಿಗೆ ಕೈ ಹಾಕಲ್ಲ. ಮೂರು ತಿಂಗಳಲ್ಲಿ ಇಳಿಸ್ಕೊಂಡು ಬನ್ನಿ."

"ನಾನು ಸಿಹಿ ಮುಟ್ಟೋದೇ ಇಲ್ಲ ಡಾಕ್ಟ್ರೇ!"

"ಬೆಳಗ್ಗೆ ಏನು ತಗೋತೀರಿ?"

"ಬರೀ ಜ್ಯೂಸು."

ಆ ಬರೀ ಜ್ಯೂಸಿಗೆ ಏನೇನು ಬೀಳುತ್ತದೆ ಎಂದು ನಾನು ಹೇಳಿದೆ. ಎರಡು ಬಾಳೆಹಣ್ಣು, ಎರಡು ಸಪೋಟ, ನಾಲ್ಕು ಖರ್ಜೂರ, ಮೂರು ಚಮಚ ಸಕ್ಕರೆ, ಮೇಲೊಂದು ಚಮಚ ಜೇನುತುಪ್ಪ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಅಷ್ಟೊಂದು ಸಕ್ಕರೆ ಇದ್ಮೇಲೆ ಜೇನುತುಪ್ಪ ಯಾಕೆ?"

"ಅದು ಆರೋಗ್ಯಕ್ಕೆ," ಎಂದರು ನಮ್ಮವರು.

೨. ಸಾರೆಲ್ಲಿ?

ಕಣ್ಣು ಬರುವವರೆಗೆ ಪೇಪರನ್ನು ನಾನೇ ಓದಿ ಹೇಳಬೇಕು. ನಮ್ಮವರಿಗೆ ಮೊದಲು ಬೇಕಾದದ್ದು ನಿಧನ ವಾರ್ತೆ. ನಾನು "ಎಪ್ಪತ್ತಾರು ವರ್ಷ" ಎಂದು ಓದಿದರೆ, "ಇಲ್ಲ ಕಣೇ, ಅವನಿಗೆ ಎಂಬತ್ತಾಗಿತ್ತು, ಸರಿಯಾಗಿ ಓದು" ಎಂದು ಗದರುತ್ತಾರೆ. ದಿನಾ ಬೆಳಗ್ಗೆ ಸತ್ತವರ ವಯಸ್ಸಿಗೆ ನಾನು ಜಗಳವಾಡಬೇಕು. ಅವರ ಕಣ್ಣು ಅವರಿಗೆಷ್ಟು ಬೇಕಾಗಿತ್ತೋ ನನಗೂ ಅಷ್ಟೇ ಬೇಕಾಗಿತ್ತು.

ಪಕ್ಕದ ಮನೆಯ ಸೊಸೆ ದಾರಿ ತೋರಿಸಿದಳು. "ಆಂಟಿ, ಜ್ಯೂಸ್ ಬಿಡಿ, ಸ್ಮೂದಿ ಮಾಡಿ. ಸೋಸಬೇಡಿ, ಸಕ್ಕರೆ ಹಾಕಬೇಡಿ. ಮಕ್ಕಳ ನಾಲಿಗೆಗೆ ಸಿಹಿ ಸಾಕು. ದೊಡ್ಡವರ ನಾಲಿಗೆಗೆ ಹುಳಿ, ಉಪ್ಪು, ಖಾರ, ಸ್ವಲ್ಪ ಒಗರು, ಎಲ್ಲ ಇದ್ದರೆ ಸಕ್ಕರೆ ನೆನಪೇ ಆಗಲ್ಲ."

ಹಿತ್ತಲ ಗಿಡದ ಅರ್ಧ ಸೀಬೆಹಣ್ಣು, ಅರ್ಧ ಸೌತೆಕಾಯಿ, ಒಂದು ಸೌಟು ಮೊಸರು, ಎರಡು ದೊಡ್ಡಪತ್ರೆ ಎಲೆ, ಪುದೀನ, ಶುಂಠಿ, ಮೆಣಸು, ಚಿಟಿಕೆ ಉಪ್ಪು ಹಾಕಿದೆ. ನನ್ನ ತವರಿನ ಲೆಕ್ಕಕ್ಕೆ ಎರಡು ಚಮಚ ಹುರಿದ ಅಗಸೆಪುಡಿಯನ್ನೂ ಸುರಿದೆ. ನಮ್ಮ ಕಡೆ ಅಗಸಿ ಇಲ್ಲದೆ ಊಟವಿಲ್ಲ. ರುಬ್ಬಿ ಲೋಟಕ್ಕೆ ಹಾಕಿಟ್ಟೆ. ಅಷ್ಟರಲ್ಲಿ ತಂಗಿಯ ಫೋನು ಬಂತು. ತವರಿನ ಫೋನೆಂದರೆ ಒಂದು ಗಂಟೆ.

ಅಗಸೆ ನೀರು ಹೀರಿದರೆ ಗಟ್ಟಿಯಾಗುತ್ತದೆ ಎನ್ನುವುದು ಮರೆತೇ ಹೋಗಿತ್ತು. ನಮ್ಮವರು ಲೋಟ ಎತ್ತಿದರು, ಬಗ್ಗಿಸಿದರು. ಏನೂ ಬೀಳಲಿಲ್ಲ. ಚಮಚ ಚುಚ್ಚಿದರು. ಚಮಚ ನೆಟ್ಟಗೆ ನಿಂತಿತು. ಕಣ್ಣು ಕಿರಿದು ಮಾಡಿ ನೋಡಿ, "ಬಣ್ಣ ಮಾತ್ರ ಪಸಂದಾಗಿದೆ, ಒಳ್ಳೆ ಮಾವಿನಹಣ್ಣಿನ ಥರ" ಎಂದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೇಳಿದರು:

"ಮುದ್ದೆ ಆಯ್ತು ಸರಿ, ಸಾರೆಲ್ಲಿ?"

೩. ಇವತ್ತು ನೆಂಟರು

ಅಗಸೆ ಅರ್ಧ ಚಮಚಕ್ಕೆ ಇಳಿಯಿತು, ಮೊಸರಿನ ಬದಲು ಮಜ್ಜಿಗೆ ಬಂತು, ಒಂದು ವಾರದಲ್ಲಿ ಹದ ಸಿಕ್ಕಿತು. ನಮ್ಮವರು ಮುಖ ಕಿವಿಚಿಕೊಂಡಾದರೂ ಕುಡಿಯತೊಡಗಿದರು.

ಆಗ ಹೊಳೆನರಸೀಪುರದ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಬೇಕಾಯಿತು. ಅವರೂ ರಿಟೈರಾದ ಟೀಚರು. ಮುಂಚೆಯೇ ಫೋನು ಮಾಡಿ, "ಇವರಿಗೆ ಶುಗರ್ ಜಾಸ್ತಿ, ಆಪರೇಷನ್ ನಿಂತುಬಿಟ್ಟಿದೆ, ಏನೂ ಸಿಹಿ ಬೇಡ" ಎಂದು ಸ್ಮೂದಿ ಮಾಡುವ ಕ್ರಮವನ್ನು ಅಳತೆ ಸಮೇತ ಬರೆಸಿದ್ದೆ. ಅವರು ಚಾಚೂ ತಪ್ಪದೆ ಮಾಡಿದ್ದರು. ನಮ್ಮವರು ಒಂದು ಗುಟುಕು ಕುಡಿದವರೇ ಮುಖ ಅರಳಿಸಿ, "ನೋಡು, ಸ್ಮೂದಿ ಅಂದ್ರೆ ಇದು!" ಎಂದರು. ನನಗೆ ಅನುಮಾನ ಬಂತು. ಲೋಟ ಕಸಿದು ರುಚಿ ನೋಡಿದೆ. ಪಾಯಸ.

"ಏನ್ ಮೇಡಂ ಇದು? ಸಕ್ಕರೆ ಹಾಕ್ಬೇಡಿ ಅಂತ ಮೂರು ಸಲ ಹೇಳಿದ್ನಲ್ಲ!"

"ಬರ್ಕೊಂಡಿದೀನಿ, ಇಲ್ಲಿದೆ ನೋಡಿ," ಎಂದು ಚೀಟಿ ತೋರಿಸಿದರು. "ಆದ್ರೆ ಬಂದೋರಿಗೆ ಸಪ್ಪೆ ಕೊಟ್ಟು ಕಳ್ಸೋದಾ? ನಮ್ಮತ್ತೆ ಫೋಟೋದಿಂದ ಇಳಿದು ಬರ್ತಾರೆ. ಇವತ್ತು ಅವರು ನೆಂಟರು ಕಣ್ರೀ. ಶುಗರ್ರು ನಾಳೆಯಿಂದ."

೪. ದೊಡ್ಡವರಿಗೆ ಮಾತ್ರ

ಅರಕಲಗೂಡಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಕರೆಯಲು ಬಂದವನು ನಮ್ಮ ಮನೆಯ ಸ್ಮೂದಿ ಕುಡಿದು, "ಮೇಡಂ, ನಮ್ಮ ನೆಂಟರಲ್ಲಿ ಅರ್ಧಕ್ಕರ್ಧ ಜನಕ್ಕೆ ಶುಗರ್ ಇದೆ. ಅವತ್ತು ಇದನ್ನೇ ಒಂದು ಟೇಬಲ್ಲಿನಲ್ಲಿ ಇಡಿಸ್ತೀನಿ, ನೀವೇ ನಿಂತು ನೋಡ್ಕೊಬೇಕು" ಎಂದ.

ಟೇಬಲ್ಲಿನ ಮುಂದೆ "ಶುಗರ್ ಇರುವವರಿಗೆ" ಎಂದು ಬೋರ್ಡು ಹಾಕಿಸಿದ್ದ. ಒಂದು ಗಂಟೆ ನಿಂತೆ. ಒಂದು ನರಪಿಳ್ಳೆಯೂ ಬರಲಿಲ್ಲ. ಎಲ್ಲ ಪಕ್ಕದ ಟೇಬಲ್ಲಿನ ಬಾದಾಮಿ ಹಾಲಿಗೆ ಮುತ್ತಿದ್ದರು. ಒಬ್ಬ ಹೆಂಗಸು ದೂರದಿಂದ ಆಸೆಗಣ್ಣಿನಿಂದ ನೋಡುತ್ತಿದ್ದಳು. ನಾನೇ ಹೋಗಿ ಕರೆದೆ.

"ಸುಮ್ನಿರಿ ಮೇಡಂ," ಎಂದು ಪಿಸುಗುಟ್ಟಿದಳು. "ಮಗನಿಗೆ ಹೆಣ್ಣು ನೋಡ್ತಿದೀವಿ. ಬೀಗರಾಗೋರು ಅಲ್ಲೇ ಕೂತವ್ರೆ. ನಾನು ಆ ಬೋರ್ಡಿನ ಮುಂದೆ ನಿಂತ್ರೆ ಮುಗೀತು."

ಕೂಡಲೇ ಬೋರ್ಡು ತಿರುಗಿಸಿ ಹಿಂಬದಿಯಲ್ಲಿ "ದೊಡ್ಡವರಿಗೆ ಮಾತ್ರ" ಎಂದು ಬರೆದೆ. ಹತ್ತೇ ನಿಮಿಷಕ್ಕೆ ಸಾಲು ಶಾಮಿಯಾನದ ಆಚೆಗೆ ಹೋಯಿತು. ಎಲ್ಲ ಗಂಡಸರು! ಬಾದಾಮಿ ಹಾಲು ಹಂಚುವವನೂ ಸಾಲಿನಲ್ಲಿದ್ದ. ನನ್ನ ಸ್ಮೂದಿಗೆ ಇಷ್ಟು ಮರ್ಯಾದೆಯೇ ಎಂದು ಹಿಗ್ಗಿ ಹಂಚಿದ್ದೇ ಹಂಚಿದ್ದು. ದಪ್ಪ ಮೀಸೆಯ ಯಜಮಾನರೊಬ್ಬರು ಒಂದಾದ ಮೇಲೊಂದು ಮೂರು ಲೋಟ ಕುಡಿದರು. ನಾಲ್ಕನೆಯದಕ್ಕೆ ಬಂದಾಗ ಅತ್ತ ಇತ್ತ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅಮ್ಮಾ, ಗಂಟ್ಲು ಸುಡ್ತದೆ, ಅದು ಸರಿ. ಆದ್ರೆ ಇನ್ನೂ ಏರ್ತಾ ಇಲ್ವಲ್ಲ?"

೫. ನನ್ನ ಕೈರುಚಿ

ಯಜಮಾನರ ಅಕ್ಕ ಇರುವುದು ಚನ್ನರಾಯಪಟ್ಟಣದ ಹತ್ತಿರ ದಂಡಿಗನಹಳ್ಳಿಯ ಕಡೆ. ತಮ್ಮನ ಕಣ್ಣಿನ ಸುದ್ದಿ ಕೇಳಿ, ನೋಡಿಕೊಳ್ಳಲೆಂದು ಬಂದು ನಮ್ಮ ಮನೆಯಲ್ಲೇ ನಿಂತರು. ಅವರು ಬಂದ ಮೊದಲ ಮೂರು ವಾರ ನಮ್ಮವರು ಸ್ಮೂದಿಯನ್ನು ಒಂದೇ ಉಸಿರಿಗೆ ಕುಡಿದು, "ಇನ್ನೊಂಚೂರು ಇದೆಯಾ?" ಎಂದು ಕೇಳತೊಡಗಿದರು. ಕೊನೆಗೂ ಗಂಡನ ನಾಲಿಗೆಯನ್ನು ತಿದ್ದಿದೆ ಎಂದು ನಾನು ಬೀದಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದೆ. ನಾಲ್ಕು ಮನೆಯವರು ಅಳತೆ ಬರೆದುಕೊಂಡರು.

ಮೂರು ತಿಂಗಳಾಯಿತೆಂದು ರಕ್ತ ಪರೀಕ್ಷೆ ಮಾಡಿಸಿದರೆ, ಶುಗರ್ ಇಳಿಯುವುದಿರಲಿ, ಮೊದಲಿಗಿಂತ ಮೇಲೆ ಹತ್ತಿ ಕೂತಿತ್ತು. ಆಪರೇಷನ್ ಮತ್ತೆ ಒಂದು ತಿಂಗಳು ಮುಂದಕ್ಕೆ ಹೋಯಿತು. ನಮ್ಮವರು ಮನೆಗೆ ಬಂದು, "ಇನ್ನು ಈ ಕಣ್ಣು ಇಷ್ಟೇ ಬಿಡು" ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಮಾರನೆಯ ಬೆಳಗ್ಗೆ ಸ್ಮೂದಿ ಕೊಟ್ಟು, ಖಾಲಿ ಲೋಟ ತೊಳೆಯುವಾಗ ನೋಡುತ್ತೇನೆ, ತಳದಲ್ಲಿ ಕರಗದೆ ಉಳಿದ ಒಂದು ಬೆಲ್ಲದ ಚೂರು. ಅಕ್ಕನ ಮುಂದೆ ಹಿಡಿದೆ.

"ಅಕ್ಕಾ, ಇದಕ್ಕೆ ಸಕ್ಕರೆ ಹಾಕ್ತಿದ್ರಾ?"

"ದೇವ್ರಾಣೆಗೂ ಸಕ್ರೆ ಆಕಿಲ್ಲ ಕಣವ್ವ. ಬೆಲ್ಲ ಆಕ್ದೆ. ಮಗ ಕಣ್ಣಲ್ಲಿ ನೀರಾಕ್ಕಂಡು ಕುಡೀತಿದ್ದ, ನೋಡಕ್ಕಾಗ್ನಿಲ್ಲ."

ಎಪ್ಪತ್ತೇಳು ವರ್ಷದ ಮಗ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿತು. ಕಣ್ಣಿಗೆ ಕಾಣದ ಪೇಪರು, ಅದೂ ತಲೆಕೆಳಗು.

"ಬೆಲ್ಲಾನೂ ಸಕ್ಕರೇನೇ ಅಲ್ವಾ ಅಕ್ಕಾ?"

"ಅದೆಂಗಾದದು? ಇದು ನಮ್ಮೂರ ಆಲೆಮನೇದು, ನನ್ ಕಣ್ಣೆದ್ರುಗೇ ಕಾಯ್ಸಿದ್ದು. ನಮ್ ಬೆಲ್ಲ ತಿಂದು ಯಾರ್ಗೂ ಶುಗರ್ ಬಂದಿಲ್ಲ."

"ನಿಮಗೇ ಇದೆಯಲ್ಲ ಅಕ್ಕಾ!"

"ನಂಗೆಲ್ಲಿತ್ತು? ಡಾಕ್ಟ್ರತ್ರ ಓಗಿದ್ಕೆ ಬಂತು."

೬. ಏನೂ ತಿಂದಿಲ್ಲ

ಆ ಒಂದು ತಿಂಗಳು ನಾನು ಮಿಕ್ಸಿಯ ಪಕ್ಕದಲ್ಲೇ ಕಾವಲಿದ್ದೆ. ಬೆಲ್ಲದ ಡಬ್ಬ ಪಕ್ಕದ ಮನೆಗೆ ಹೋಯಿತು. ಅಕ್ಕನೂ ನನ್ನ ಪಕ್ಷ ಸೇರಿ, ಬೆಳಗ್ಗೆ ಸಂಜೆ ತಮ್ಮನನ್ನು ಪಾರ್ಕು ಸುತ್ತಿಸಿದರು. ಪರೀಕ್ಷೆಯ ದಿನ ಬಂತು. ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದು ಹಿಂದಿನ ರಾತ್ರಿಯಿಂದಲೇ ಹೇಳಿದ್ದೆ. ಲ್ಯಾಬಿನ ಹುಡುಗಿ ಕೇಳಿದಳು.

"ತಾತ, ಏನಾದ್ರೂ ತಿಂದಿದೀರಾ?"

"ಏನೂ ತಿಂದಿಲ್ಲಮ್ಮ. ಕಾಫೀನೂ ಮುಟ್ಟಿಲ್ಲ. ಸ್ಮೂದಿ ಒಂದು ಕುಡಿದೆ."

ನಾನು ಸ್ನಾನಕ್ಕೆ ಹೋದಾಗ, ಫ್ರಿಜ್ಜಿನಲ್ಲಿ ಹಿಂದಿನ ದಿನ ಉಳಿದಿದ್ದದ್ದನ್ನು ಕುಡಿದಿದ್ದರಂತೆ! "ರೀ, ಯಾಕ್ರೀ ಕುಡಿದ್ರಿ?" ಎಂದರೆ, "ನೀನೇ ತಾನೇ ದಿನಾ ಹೇಳ್ತಿದ್ದೆ, ಇದು ತಿಂಡಿ ಅಲ್ಲ, ಔಷಧಿ ಅಂತ ತಿಳ್ಕೊಂಡು ಕುಡೀರಿ ಅಂತ? ಔಷಧಿ ತಪ್ಪಿಸ್ಬಾರದು ಅಂತ ಕುಡಿದೆ" ಎಂದರು.

ಹುಡುಗಿ ಸೂಜಿ ಪಕ್ಕಕ್ಕಿಟ್ಟು, "ನಾಳೆ ಬನ್ನಿ" ಎಂದಳು. ನಾವು ಬಾಗಿಲು ದಾಟುವಷ್ಟರಲ್ಲಿ ಹಿಂದೆಯೇ ಓಡಿಬಂದಳು.

"ಅಜ್ಜಿ, ಅದಕ್ಕೆ ಏನೇನು ಹಾಕ್ತೀರಿ ಅಂತ ಹೇಳಿಹೋಗಿ. ನಮ್ಮಮ್ಮನಿಗೂ ಶುಗರ್ರು."

೭. ಕಣ್ಣು ಬಂತು

ಮಾರನೆಯ ದಿನದ ಪರೀಕ್ಷೆಯಲ್ಲಿ ಶುಗರ್ ಇಳಿದಿತ್ತು. ಡಾಕ್ಟರು ಒಪ್ಪಿದರು. ಒಂದು ಕಣ್ಣಿನ ಆಪರೇಷನ್ ಆಯಿತು. "ಇನ್ನೊಂದು ಕಣ್ಣು ಎರಡು ತಿಂಗಳಾದ ಮೇಲೆ. ಅಲ್ಲಿವರೆಗೂ ಶುಗರ್ ಹೀಗೇ ಇರಬೇಕು" ಎಂದು ಹೇಳಿ ಕಳಿಸಿದರು.

ಪಟ್ಟಿ ಬಿಚ್ಚಿ ಮನೆಗೆ ಬಂದ ಬೆಳಗ್ಗೆ ನಮ್ಮವರ ಸಂಭ್ರಮ ನೋಡಬೇಕಿತ್ತು. ಕ್ಯಾಲೆಂಡರು ಓದಿದರು. ಎದುರು ಮನೆಯ ನಂಬರು ಓದಿದರು. ನನ್ನ ತಲೆ ನೋಡಿ, "ಯಾವಾಗ್ಲೇ ಇಷ್ಟು ಬೆಳ್ಳಗಾಯ್ತು?" ಎಂದರು. ಕುರ್ಚಿ ಎಳೆದುಕೊಂಡು ನಿಧನ ವಾರ್ತೆಯನ್ನು ತಾವೇ ಜೋರಾಗಿ ಓದಿದರು. ಪೇಪರಿನವರೇ ವಯಸ್ಸು ತಪ್ಪು ಹಾಕುತ್ತಿದ್ದಾರೆ ಎಂದು ಒಪ್ಪಿಕೊಂಡರು. ನನಗೂ ಅಕ್ಕನಿಗೂ ಕಣ್ಣು ತುಂಬಿ ಬಂತು.

ಆ ಖುಷಿಯಲ್ಲಿ ಸ್ಮೂದಿ ತಂದು ಕೈಗಿಟ್ಟೆ. ಬಾಯಿಯವರೆಗೆ ಹೋದ ಲೋಟ ಅಲ್ಲೇ ನಿಂತಿತು. ಹೊಸ ಕಣ್ಣು ಲೋಟದೊಳಗೆ ಇಣುಕಿತು. ಬೆಳಕಿಗೆ ಹಿಡಿದು ನೋಡಿದರು.

"ಏನೇ ಇದು?"

"ಸ್ಮೂದಿ."

"ನಾನು ಇಷ್ಟು ದಿನ ಕುಡೀತಿದ್ದದ್ದು?"

"ಅದೇ."

"ಮಾವಿನಹಣ್ಣಿನ ಬಣ್ಣ ಇತ್ತಲ್ಲೇ!"

"ಅದು ನಿಮ್ಮ ಪೊರೆಯ ಬಣ್ಣ ಇರಬೇಕು. ಇದು ಮೊದಲಿಂದ ಹೀಗೇ ಇದೆ."

ದೊಡ್ಡಪತ್ರೆ, ಪುದೀನ, ಸೌತೆಸಿಪ್ಪೆ, ಅಗಸೆ ಎಲ್ಲ ಸೇರಿದರೆ ಕೆರೆಯ ತಳದ ಬಣ್ಣವಲ್ಲದೆ ಇನ್ನೇನು ಬರುತ್ತದೆ? ನಮ್ಮವರು ಅಕ್ಕನಿಗೆ ಲೋಟ ತೋರಿಸಿದರು.

"ಅಕ್ಕಾ, ನಮ್ಮೂರಲ್ಲಿ ಇದನ್ನ ಎಮ್ಮೆಗೆ ಇಡ್ತಿದ್ವಿ ಅಲ್ವಾ?"

"ಊಂ ಕಣಪ್ಪ. ಎಮ್ಮೇನೂ ಒಂದ್ಸಲ ಮೂಸಿ ನೋಡೋದು," ಎಂದರು ಅಕ್ಕ.

ನಾನು ಇನ್ನೊಂದು ಕಣ್ಣು ಬಾಕಿ ಇದೆ ಎಂದು ಬೆರಳು ಎತ್ತಿ ತೋರಿಸಿದೆ, ಅಷ್ಟೆ.

ಈಗ ನಮ್ಮವರು ದಿನವಿಡೀ ಕಂಡದ್ದನ್ನೆಲ್ಲ ಕಣ್ಣರಳಿಸಿ ನೋಡುತ್ತಾರೆ. ಆದರೆ ಡಾಕ್ಟರು, ಲ್ಯಾಬಿನವಳು, ಅಕ್ಕ, ನಾನು ಎಲ್ಲ ಸೇರಿ ನಾಲ್ಕು ತಿಂಗಳು ಒದ್ದಾಡಿ ತೆರೆಸಿದ ಆ ಕಣ್ಣನ್ನು, ಬೆಳಗ್ಗೆ ಏಳಕ್ಕೆ ನಾನು ಲೋಟ ಹಿಡಿದು ಬರುವುದು ಕಂಡರೆ ಸಾಕು, ಗಟ್ಟಿಯಾಗಿ ಮುಚ್ಚಿಕೊಂಡುಬಿಡುತ್ತಾರೆ.