ಪಂಖಾ ವಿಮಾನದ ಸಾಧನೆಗಳು

ವಿಮಾನ ಕಂಪನಿಯ ಕೌಂಟರಿನಲ್ಲಿ ಕೂತವನು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗಿ ಚೀಲ ಹೊತ್ತು ಸಾಲಿನಲ್ಲಿ ಬಂದು ನಿಲ್ಲುತ್ತದೆ.

ನಮ್ಮದು ಸಣ್ಣ ಕಂಪನಿ. ರೆಕ್ಕೆಯಲ್ಲಿ ಪಂಖಾ ತಿರುಗುವ ಎರಡು ವಿಮಾನಗಳಿಂದ ಶುರುವಾದದ್ದು. ದೊಡ್ಡ ದೊಡ್ಡ ಕಂಪನಿಗಳು ಬಾಗಿಲು ಹಾಕಿದವು, ನಮ್ಮದು ಉಳಿಯಿತು. ದೊಡ್ಡವರು ತಿರುಗಿ ನೋಡದ ಊರುಗಳಿಗೆ ನಾವು ಹಾರಿದೆವು. ಇಷ್ಟು ವರ್ಷದಲ್ಲಿ ಒಬ್ಬರ ಕೂದಲೂ ಕೊಂಕಿಲ್ಲ. ಈಗ ಕಂಪನಿ ಸ್ಮರಣ ಸಂಚಿಕೆ ತರುತ್ತಿದೆಯಂತೆ. ‘ಸಾಧನೆಗಳ ಬಗ್ಗೆ ಬರೆಯಿರಿ’ ಎಂದು, ನಿವೃತ್ತನಾದ ನನಗೆ, ಯಾದಗಿರಿಯ ಮನೆಗೆ ಕಾಗದ ಬಂತು. ಸಾಧನೆ ಹೇಳಿಯಾಯಿತು. ಉಳಿದದ್ದು ಇದು.

ನನ್ನಿಂದ ಆಗದ ಕೆಲಸ ಒಂದಿತ್ತು: ಹೆಂಡತಿಯನ್ನು ವಿಮಾನ ಹತ್ತಿಸುವುದು. ನೌಕರರ ಮನೆಯವರಿಗೆ ವರ್ಷಕ್ಕೊಂದು ಪಾಸು. ಪ್ರತಿ ವರ್ಷ ಆಕೆಯದು ಒಂದೇ ಉತ್ತರ:

“ಮ್ಯಾಲ ಹೋಗೂದು ಕಡೀಗೆ ಇದ್ದೇ ಅದ. ಈಗ್ಯಾಕ ಅವಸರ?”

ಟವೆಲ್

ಕಲಬುರಗಿಗೆ ನಮ್ಮ ವಿಮಾನ ಬರತೊಡಗಿದ ಹೊಸತು. ಅಲ್ಲಿ ಪ್ರಯಾಣಿಕರು ನಡೆದೇ ಹೋಗಿ ಹತ್ತಬೇಕು; ಕೌಂಟರಿನ ನಾನೇ ಹತ್ತಿಸಿ ಬರಬೇಕು. ಶಹಾಪುರದ ಗುತ್ತಿಗೆದಾರನೊಬ್ಬ ಎಲ್ಲರಿಗಿಂತ ಮುಂದೆ ಓಡಿ, ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, ವಿಮಾನದ ಮಗ್ಗುಲಲ್ಲಿ ಮೇಲೆ ನೋಡುತ್ತ ಅಡ್ಡಾಡುತ್ತಿದ್ದ.

“ಏನು ಹುಡುಕಾಕತ್ತೀರಿ?” ಎಂದೆ.

“ಒಂದು ಕಿಡಕಿನೂ ತೆಗದಿಲ್ಲಲ್ರಿ. ಟವೆಲ್ ಎಲ್ಲಿಂದ ಒಗೀಲಿ?”

“ಚೀಟಿ ಮ್ಯಾಲ ಸೀಟ್ ನಂಬರ್ ಅದ.”

“ನಂಬರ್ ಬಸ್ಸಿನಾಗೂ ಇರ್ತಾವ್ರಿ. ಟವೆಲ್ ಹಾಕಿದಾಂವಂದೇ ಸೀಟ್.”

ಮೆಟ್ಟಿಲೇರಿ ಹೋದ, ಸೀಟಿಗೆ ಟವೆಲ್ ಹಾಸಿದ, ಮತ್ತೆ ಕೆಳಗಿಳಿದು ಬಂದ.

“ಈಗೇನ್ರಿ?”

“ಒಂದು ಚಾ ಕುಡದು ಬರ್ತೀನಿ. ಬಿಡೂ ಮುಂದ ಹಾರ್ನ್ ಹೊಡೀರಿ.”

ಪಂಖಾ

ಬಳಿಚಕ್ರದ ಮುದುಕರೊಬ್ಬರು ಬೇಸಿಗೆಯಲ್ಲಿ ಹತ್ತಿ ಕೂತರು. ವಿಮಾನ ನಿಂತಿದ್ದಾಗ ಒಳಗೆ ಒಲೆಯಂತೆ ಸೆಕೆ. ಕಿಟಕಿಯಿಂದ ರೆಕ್ಕೆಯ ಕಡೆ ನೋಡಿ ನನ್ನನ್ನು ಕರೆದರು.

“ಸಾಹೇಬ್ರ, ಸೆಕಿ ಒಳಗ ಅದ. ಪಂಖಾ ಹೊರಗ ಯಾಕ ಹಚ್ಚೀರಿ?”

ತೂಕ

ದೋರನಹಳ್ಳಿಯ ಮಾಸ್ತರರ ಚೀಲ ಮೂರು ಕಿಲೋ ಹೆಚ್ಚು ತೂಗಿತು. ಒಳಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ.

“ಕಡಿಮೆ ಮಾಡ್ರಿ,” ಎಂದೆ.

ಮಾಸ್ತರರು ಅಲ್ಲೇ ಚೀಲ ಬಿಚ್ಚಿ ಸಾಲಿಗೆಲ್ಲ ರೊಟ್ಟಿ ಹಂಚಿದರು. ಕಡೇಚೂರಿನ ಕಾರ್ಖಾನೆಗೆ ಬಂದು ಹೋಗುವ ಸೂಟಿನ ಸಾಹೇಬರೂ ನಿಂತೇ ತಿಂದರು. ನಾನು ಎರಡು ತಿಂದೆ. ಆಮೇಲೆ ಚೀಲ ಸರಿಯಾಗಿ ತೂಗಿತು. ಮಾಸ್ತರರು ಕನ್ನಡಕ ಏರಿಸಿ ಕೇಳಿದರು:

“ಅಲ್ರಿ, ನೀವು ತಿಂದ ಎರಡು ಬಿಟ್ರ ಆ ರೊಟ್ಟಿ ಎಲ್ಲಾ ಅದೇ ವಿಮಾನ ಹತ್ತತಾವ. ಚೀಲದಾಗ ಇದ್ರ ತೂಕ, ಹೊಟ್ಟ್ಯಾಗ ಇದ್ರ ಪುಕ್ಕಟೇನು?”



ಮ್ಯಾಲ ಹೋದದ್ದು

ನಿವೃತ್ತಿಗೆ ಮುಂಚೆ ಕೆಲವು ತಿಂಗಳು ನನ್ನನ್ನು ಬೆಂಗಳೂರಿಗೆ ಹಾಕಿದರು. ಹೆಂಡತಿಯೂ ಜೊತೆಗಿದ್ದಳು. ಸುರಪುರದ ತವರಿನಲ್ಲಿ ಆಕೆಯ ತಮ್ಮನ ಮಗಳ ಕುಬಸ. ಬಸುರಿ ಹುಡುಗಿಯ ಉಡಿ ತುಂಬಲು ಹಿರಿಯ ಸೋದರತ್ತೆಯಾದ ಈಕೆ ಇರಲೇಬೇಕು. ರೈಲಿನ ಟಿಕೆಟ್ ತೆಗೆಸಿದ್ದೆ. ಕುಬಸದ ಹಿಂದಿನ ದಿನ ಬೆಳಿಗ್ಗೆ ನೋಡಿದರೆ ರೈಲು ರದ್ದು.

ಆಕೆ ಕಟ್ಟಿಟ್ಟ ಚೀಲ ಎತ್ತಿ ಬಾಗಿಲ ಹತ್ತಿರ ಇಟ್ಟಳು. ಆಮೇಲೆ, “ಪಾಸ್ ಎಲ್ಲಿ ಅದ?” ಎಂದಳು.

“ಕಲಬುರಗಿಗೆ ಬಾ ಅಂತ ತಮ್ಮಗ ನಾ ಹೇಳ್ತೀನಿ. ಹತ್ತಿದ ಕೂಡ್ಲೆ ಫೋನ್ ಬಂದ್ ಮಾಡು,” ಎಂದು ಹೇಳಿ ಕೂರಿಸಿ ಬಂದೆ. ಇಳಿದ ಮೇಲೆ ಚಾಲೂ ಮಾಡು ಎಂದು ಹೇಳಲಿಲ್ಲ. ಆಕೆಯೂ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಆಕೆಯ ತಮ್ಮನ ಫೋನು. ರೈಲು ರದ್ದಾದದ್ದು, ಈಕೆ ವಿಮಾನ ಹತ್ತಿದ್ದು, ಎರಡೂ ಅವನಿಗೆ ಇನ್ನೂ ಗೊತ್ತಿಲ್ಲ. ನನ್ನ ಮುಂದೆ ಉದ್ದನೆಯ ಸಾಲು.

“ಮಾಮಾ, ಅಕ್ಕನ ಫೋನ್ ಬಂದ್ ಅದ. ಎಲ್ಲಿ ಅದಾಳ?”

“ಮ್ಯಾಲ ಹೋದ್ಲು.”

“ಆಂ? ಯಾವಾಗ್ರಿ?”

“ಹತ್ತಕ್ಕ.”

“ಅಯ್ಯೋ! ಏನಾಗಿತ್ರಿ?”

“ಏನಾಗ್ತದ? ಮೊದಲು ಹೆದರಿದ್ಲು. ಆಮ್ಯಾಲ ಆರಾಮ ಹೋದ್ಲು.”

ಆ ಕಡೆ ಅಳು. ವಿಮಾನಕ್ಕೆ ಇಷ್ಟು ಹೆದರುವ ಮನೆತನ ಎಂದುಕೊಂಡೆ.

“ಮತ್ತ... ತರೂದು ಹ್ಯಾಂಗ್ರಿ?”

“ಕಲಬುರಗಿಗೆ ಬರ್ತದ. ಗಾಡಿ ತಗೊಂಡು ಹೋಗು.”

“ನೀವು ಬರಂಗಿಲ್ಲೇನ್ರಿ ಮಾಮಾ?”

“ಡ್ಯೂಟಿ ಅದ. ಐತವಾರ ನೋಡ್ತೀನಿ.”

ಸುರಪುರದಲ್ಲಿ ಹೂರಣದ ಒಲೆ ಆರಿಸಿದರು. ಕುಬಸ ನಿಂತಿತು. ಹಂದರದ ಕೆಳಗೆ ಹೆಂಗಸರು ಅಳಲು ಕೂತರು. ತಮ್ಮ ಆಂಬುಲೆನ್ಸ್ ಹಿಡಿದುಕೊಂಡು ಕಲಬುರಗಿಗೆ ಓಡಿದ. ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲುಗಾರನನ್ನು ಹಿಡಿದು, “ನಮ್ಮಕ್ಕನ ಹೆಣ ಎಲ್ಲಿ ಕೊಡ್ತೀರಿ?” ಎಂದು ಅತ್ತನಂತೆ.

ಎರಡು ತಾಸಿನಿಂದ ಅಲ್ಲೇ ಚೀಲದ ಮೇಲೆ ಕೂತು ದಾರಿ ಕಾಯುತ್ತಿದ್ದ ನನ್ನ ಹೆಂಡತಿ ಎದ್ದು ಬಂದಳು.

“ಯಾಕಳ್ತಿ ತಮ್ಮಾ? ಯಾರು ಹೋದ್ರೋ?”

“ನೀನೇ ಅಕ್ಕಾ!”

ಆಂಬುಲೆನ್ಸಿನ ಬಾಡಿಗೆ ಹೇಗೂ ಕೊಟ್ಟಾಗಿತ್ತು. ಅದರಲ್ಲೇ, ಡ್ರೈವರನ ಪಕ್ಕ ಕೂತು, ಸುರಪುರ ಮುಟ್ಟಿದಳು. ಆಕೆ ಇಳಿದದ್ದು ನೋಡಿ ಅಳುತ್ತಿದ್ದವರಲ್ಲಿ ಅರ್ಧ ಜನ ಓಡಿಹೋದರು. ಉಳಿದವರನ್ನು ಹಿಡಿದು ಮತ್ತೆ ಒಲೆ ಹಚ್ಚಿಸಿದಳು. ಮರುದಿನ ಉಡಿ ತುಂಬಿದವಳು ಆಕೆಯೇ.

ಸುರಪುರ ಮುಟ್ಟಿದ ಸಂಜೆಯೇ ನನಗೆ ಫೋನ್ ಮಾಡಿದ್ದಳು.

“ನನ್ನ ತಮ್ಮಗ ಏನಂತ ಹೇಳಿದ್ರಿ?”

“ಮ್ಯಾಲ ಹೋದ್ಲು ಅಂದೆ.”

“ಇನ್ನೆರಡು ಮಾತು ಹೆಚ್ಚಿಗಿ ಆಡಿದ್ರ ನಿಮ್ಮ ಗಂಟೇನು ಹೋಗ್ತಿತ್ತು?”

ಸಂಚಿಕೆಯವರು ಬೇಕಾದರೆ ಸಾಧನೆಗಳಿಗೆ ಒಂದು ಸಾಲು ಸೇರಿಸಿಕೊಳ್ಳಲಿ: ಮ್ಯಾಲ ಹೋದವರನ್ನು ಅದೇ ದಿನ, ಅಳುವವರ ಕಣ್ಣೀರು ಒಣಗುವ ಮೊದಲೇ, ಮನೆಗೆ ಮುಟ್ಟಿಸಿದ ಕಂಪನಿ ನಮ್ಮದೊಂದೇ.