ನಮ್ಮ ಕೋಣೆಯಲ್ಲಿ ಯಾವಾಗಲೂ ನಾಲ್ಕು ಹತ್ತು

"ಈ ಸಲ ಒಂದೇ ಒಂದು ತಪ್ಪೂ ಇಲ್ಲದ ಸಿನಿಮಾ ತೆಗೆಯುತ್ತೇನೆ!" ಎಂದು ನಾನು ಘೋಷಿಸಿದಾಗ ನನ್ನೆದುರಿಗಿದ್ದ ಸಭಿಕರು ಇಬ್ಬರೇ: ನನ್ನ ಹೆಂಡತಿ ಮತ್ತು ಅವಳ ಸೂಟ್‌ಕೇಸು. ಇಬ್ಬರೂ ಆಗಷ್ಟೇ ರೈಲಿಳಿದು, ಮೂರನೆಯ ಮಹಡಿಯಲ್ಲಿರುವ ನನ್ನ ಬಾಡಿಗೆ ಕೋಣೆಗೆ ಹತ್ತಿ ಬಂದಿದ್ದರು. ಸೂಟ್‌ಕೇಸು ಏನೂ ಹೇಳಲಿಲ್ಲ. ಹೆಂಡತಿ ಏದುಸಿರು ಬಿಡುತ್ತ, "ಮೊದಲು ನೀರು ಕೊಡು" ಎಂದಳು.

ಘೋಷಣೆಗೆ ಕಾರಣವಿತ್ತು. ನಾನು ಮೂಲತಃ ರಸಾಯನಶಾಸ್ತ್ರದವನು. ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೂತು, ಈ ಡಬ್ಬಿಯ ನೀಲಿಗೂ ಆ ಡಬ್ಬಿಯ ನೀಲಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬರದಂತೆ ವರ್ಷಗಟ್ಟಲೆ ಕಾವಲು ಕಾದವನು. ಮೂವತ್ತು ದಾಟಿದ ಮೇಲೆ ಸಿನಿಮಾದ ಹುಚ್ಚು ತಲೆಗೇರಿ, ಕೆಲಸವನ್ನೂ ಊರನ್ನೂ ಬಿಟ್ಟು, ಸ್ನಾತಕೋತ್ತರ ಪದವಿಗೆಂದು ಇಷ್ಟು ದೂರ ಬಂದೆ. ಅಂಥ ನಾನು ತೆಗೆದ ಮೊದಲ ಕಿರುಚಿತ್ರದಲ್ಲಿ ನಾಯಕಿಯ ಬಲಗೈಯಲ್ಲಿದ್ದ ಚಹಾದ ಕಪ್ ಮುಂದಿನ ಶಾಟಿನಲ್ಲಿ ಎಡಗೈಗೆ ಹಾರಿಬಿಟ್ಟಿತ್ತು! ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಕಾಲೇಜಿನಲ್ಲಿ ನನ್ನ ಹೆಸರು "ಎಡಬಲ".

ಈ ಕಳಂಕವನ್ನು ಪದವಿಯ ಕೊನೆಯ ಚಿತ್ರದಲ್ಲಿ ತೊಳೆದುಕೊಳ್ಳಬೇಕಿತ್ತು. ಹೆಂಡತಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಹಲ್ಲಿನ ಡಾಕ್ಟರು. ಇಡೀ ದಿನ ಬಾಯಿ ತೆರೆದು ಕೂತವರ ಜೊತೆ ಮಾತಾಡುವವಳಾದ್ದರಿಂದ ಎದುರುತ್ತರ ಕೇಳಿ ಅಭ್ಯಾಸವಿಲ್ಲ.

"ತೆಗಿ, ಬೇಡ ಅಂದೋರು ಯಾರು? ನನಗೆ ಒಂಬತ್ತು ದಿನ ರಜ ಸಿಕ್ಕಿದೆ. ಒಂದೇ ಒಂದು ಆಸೆ. ಕೆರೆ ಮೇಲೆ ಸಂಜೆ ನಾಲ್ಕು ಗಂಟೆಗೆ ಹೊರಡೋ ದೋಣೀಲಿ ಹೋಗಬೇಕು, ನಿನ್ನ ಜೊತೆ. ಆಗ ನೀರೆಲ್ಲ ಬಂಗಾರ ಆಗಿರತ್ತೆ ಅಂತ ಫೋನಲ್ಲಿ ನೀನೇ ವರ್ಣಿಸಿದ್ದೆ."

"ಅಷ್ಟೇನಾ? ನಾಳೆನೇ ಹೋಗೋಣ!" ಎಂದೆ.

ಆ "ನಾಳೆ"ಗೆ ಅಡ್ಡ ಬಂದದ್ದು ಬೆಳಕು. ನನ್ನ ಕೋಣೆಗೆ ನೇರವಾಗಿ ಬಿಸಿಲು ಬೀಳುವುದಿಲ್ಲ. ಆದರೆ ಸಂಜೆ ನಾಲ್ಕು ಹತ್ತಕ್ಕೆ ಎದುರು ಮನೆಯ ಓರೆಯಾಗಿ ತೆರೆದಿಟ್ಟ ಗಾಜಿನ ಕಿಟಕಿಗೆ ಸೂರ್ಯ ಬಡಿದು, ಅಲ್ಲಿಂದ ಪುಟಿದು, ಬೀದಿಯನ್ನು ದಾಟಿ ನನ್ನ ಕೋಣೆಯೊಳಗೆ ಬರುತ್ತಾನೆ. ಮೊದಲು ಗೋಡೆಯ ಮೇಲೊಂದು ಹೊಳೆಯುವ ಗೆರೆ. ಅದು ಮೆಲ್ಲಗೆ ಇಳಿದು, ಮೇಜಿನ ಮೇಲೆ ಹರಡಿ, ಕಿಟಕಿಯ ಪಕ್ಕದ ಕುರ್ಚಿಗೆ ಬಂದು ಕೂರುತ್ತದೆ. ಗಾಳಿಯಲ್ಲಿ ತೇಲುವ ಧೂಳಿನ ಕಣಗಳು ಕೂಡ ಆಗ ಎಲ್ಲಿಗೋ ಹೊರಟು ದಾರಿ ಮರೆತ ನಕ್ಷತ್ರಗಳಂತೆ ಕಾಣುತ್ತವೆ. ಕಾಲು ಗಂಟೆ ಅಷ್ಟೇ, ಆಮೇಲೆ ಕೋಣೆ ಮತ್ತೆ ಬರೀ ಬಾಡಿಗೆ ಕೋಣೆ. ನನ್ನ ಇಡೀ ಚಿತ್ರ ಆ ಕಾಲು ಗಂಟೆಯಲ್ಲೇ ನಡೆಯಬೇಕಿತ್ತು. ಐದು ಗಂಟೆಗೆ ಕಾಲೇಜಿನ ಎಡಿಟಿಂಗ್ ಕೋಣೆಯಲ್ಲಿ ನನ್ನ ಸರದಿ, ಬೆಳಿಗ್ಗೆಯೆಲ್ಲ ತರಗತಿ.

ಇದು ಸಾಲದೆಂಬಂತೆ, ಒಪ್ಪಿಕೊಂಡಿದ್ದ ನಟಿ ಯಾವುದೋ ಜಾಹೀರಾತು ಸಿಕ್ಕಿತೆಂದು ಬೇರೆ ಊರಿಗೆ ಹಾರಿಹೋದಳು. ನಾನು ಹೆಂಡತಿಯ ಮುಖವನ್ನು ನೋಡಿದೆ. ಹೆಂಡತಿ ಸೂಟ್‌ಕೇಸಿನ ಮುಖವನ್ನು ನೋಡಿದಳು.

"ಕತೆ ಏನು?" ಎಂದು ಕೇಳಿದಳು.

"ಒಬ್ಬಳು ಹೆಂಡತಿ. ಗಂಡ ಬರ್ತಾನೆ ಅಂತ ಕಿಟಕಿ ಪಕ್ಕ ಕೂತು ಕಾಯ್ತಾಳೆ."

"ಬರ್ತಾನಾ?"

"ಅದಿನ್ನೂ ಬರೆದಿಲ್ಲ."

"ನಂಗೆ ಆಶ್ಚರ್ಯ ಏನಿಲ್ಲ ಬಿಡು" ಎಂದು ಅವಳು ಕುರ್ಚಿಯಲ್ಲಿ ಕೂತಳು. ಮೈಮೇಲೆ ರೈಲಿನಲ್ಲಿ ಹಾಕಿಕೊಂಡು ಬಂದ ಹಳದಿ ಸ್ವೆಟರ್ ಇತ್ತು. ಆ ಬೆಳಕಿಗೆ ಆ ಹಳದಿ! ಬಣ್ಣದ ಕಾರ್ಖಾನೆಯ ನನ್ನ ಹಳೆಯ ಜೀವ ಪುಳಕಗೊಂಡಿತು. "ಅಲ್ಲಾಡಬೇಡ!" ಎಂದೆ. ಅದೇ ತಪ್ಪಾಯಿತು. ಮುಂದಿನ ಅಷ್ಟೂ ದಿನ ಆ ಸ್ವೆಟರ್ ಬದಲಾಗುವಂತಿರಲಿಲ್ಲ.

ಸ್ವೆಟರ್ ಮಾತ್ರವೇ? ಸಿನಿಮಾದಲ್ಲಿ ಒಂದೇ ಸಂಜೆ ನಡೆಯುವುದನ್ನು ಎಂಟು ದಿನ ಚಿತ್ರೀಕರಿಸಬೇಕಾದರೆ ಕೋಣೆಯಲ್ಲಿ ಒಂದು ಹುಲ್ಲುಕಡ್ಡಿಯೂ ಜರುಗಬಾರದು. ಕುರ್ಚಿಯ ಕಾಲುಗಳ ಸುತ್ತ ಸೀಮೆಸುಣ್ಣದ ಗುರುತು ಹಾಕಿದೆ. ಗೋಡೆ ಗಡಿಯಾರದ ಬ್ಯಾಟರಿ ತೆಗೆದು ಮುಳ್ಳುಗಳನ್ನು ನಾಲ್ಕು ಹತ್ತಕ್ಕೆ ನಿಲ್ಲಿಸಿದೆ. ಕುಂಡದ ಗಿಡ ನನ್ನನ್ನು ಕೇಳದೆ ಹೊಸ ಎಲೆ ಬಿಟ್ಟಿತು. ಕತ್ತರಿಸಿದೆ! ಹೆಂಡತಿಯ ಕೂದಲಿನ ಒಂದು ಎಳೆ ಕೆನ್ನೆಯ ಮೇಲೆ ಎಷ್ಟು ಇಳಿದಿರಬೇಕೆಂದು ಅಳತೆಪಟ್ಟಿ ಹಿಡಿದೆ.

"ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಕೂದಲನ್ನ ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು" ಎಂದಳು.

"ಮಾತಾಡಬೇಡ, ಎಳೆ ಅಲ್ಲಾಡತ್ತೆ."

ಅವಳ ಬಲಗೈಯಲ್ಲಿ ಚಹಾದ ಕಪ್, ಮೇಜಿನ ಮೇಲೊಂದು ಕಚ್ಚಿದ ಸೇಬು ಇರಬೇಕಿತ್ತು. ದಿನಕ್ಕೊಂದು ಹೊಸ ಸೇಬು, ಅದೇ ಜಾಗದಲ್ಲಿ ಅದೇ ಅಳತೆಯ ಕಚ್ಚು. ಅವಳು ಆಸ್ಪತ್ರೆಗೆ ಹೋಗಿದ್ದಾಗ ಸಮಯ ಉಳಿಸೋಣವೆಂದು... ಅಲ್ಲ ಅಲ್ಲ, ಆಸ್ಪತ್ರೆಯೆಲ್ಲಿಂದ ಬಂತು, ಅವಳು ರಜೆಯಲ್ಲಿದ್ದಳು, ಸ್ನಾನಕ್ಕೆ ಹೋಗಿದ್ದಳು. ನೋಡಿ, ರಜೆಯೆಂಬುದು ನನಗೇ ಮರೆತುಹೋಗಿತ್ತು! ಆಗ ನಾನೇ ಒಂದು ಸೇಬನ್ನು ಕಚ್ಚಿಟ್ಟೆ. ಅವಳು ಬಂದವಳೇ ಅದನ್ನೆತ್ತಿ ಕಿಟಕಿಯ ಬಳಿ ಹಿಡಿದು ಪರೀಕ್ಷಿಸಿದಳು.

"ಇದು ನಿನ್ನ ಹಲ್ಲು. ಮೇಲಿನ ಸಾಲಲ್ಲಿ ಎರಡನೇದು ಒಳಗೆ ತಿರುಗಿದೆ. ಯಾರಿಗೆ ಮೋಸ ಮಾಡ್ತೀಯ? ಕೊಡು ಇನ್ನೊಂದು ಸೇಬು."

ಅವಳ ಕಚ್ಚು ಪ್ರತಿದಿನ ಅಚ್ಚೊತ್ತಿದಂತೆ ಒಂದೇ ಥರ. ಅಂಥ ಕಲಾವಿದೆ! ಉಳಿದ ಸೇಬನ್ನು ತಿನ್ನುವುದು ನನ್ನ ಪಾಲಿನ ಕೆಲಸ.

ಪ್ರತಿದಿನವೂ ನಾಲ್ಕಕ್ಕೆ ಸ್ವಲ್ಪ ಮೊದಲು ಅವಳು, "ಇವತ್ತು ದೋಣಿ?" ಎನ್ನುತ್ತಿದ್ದಳು. ನಾನು, "ನಾಳೆ ಖಂಡಿತ" ಎನ್ನುತ್ತಿದ್ದೆ. ಒಂದು ದಿನ ಮೋಡ, ಒಂದು ದಿನ ಫೋಕಸ್ ತಪ್ಪಿತು, ಇನ್ನೊಂದು ದಿನ ಎಲ್ಲ ಸರಿಯಿದ್ದೂ ಬೆಳಕೇ ಬರಲಿಲ್ಲ. ನೋಡಿದರೆ ಎದುರು ಮನೆಯ ಕಿಟಕಿ ಮುಚ್ಚಿದೆ! ಮೂರು ಮಹಡಿ ಇಳಿದು, ಬೀದಿ ದಾಟಿ, ಮೂರು ಮಹಡಿ ಹತ್ತಿ ಬಾಗಿಲು ಬಡಿದೆ. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡ ಟೈಲರಮ್ಮ ಬಾಗಿಲು ತೆಗೆದರು. ಸಂಗತಿ ಹೇಳಿದೆ.

"ತೆಗೆದ್ರೆ ಧೂಳು ಬರತ್ತಪ್ಪ. ಮದುವೆ ಬಟ್ಟೆ ಹೊಲೀತಿದೀನಿ."

"ಕಾಲು ಗಂಟೆ ಮಾತ್ರ ಅಮ್ಮ. ಇಷ್ಟೇ ಓರೆಯಾಗಿರಬೇಕು" ಎಂದು ಕಿಟಕಿಯ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅವರು ಗೆರೆಯನ್ನು ಮೆಚ್ಚುಗೆಯಿಂದ ನೋಡಿದರು. ಸೀಮೆಸುಣ್ಣದ ಗೆರೆಯ ಬೆಲೆ ಟೈಲರಿಗೆ ಗೊತ್ತಿರುತ್ತದೆ. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಆ ಹಳದಿ ಸ್ವೆಟರ್ ಹುಡುಗಿ ಪಾಪ, ದಿನಾ ಕಿಟಕೀಲಿ ಕೂತಿರ್ತಾಳೆ. ಮುಖ ನೋಡಿದ್ರೆ ಹೊಟ್ಟೆ ಚುರ್ ಅನ್ನತ್ತೆ. ಗಂಡ ಎಲ್ಲೋ ದೂರ ಇದಾನಾ?"

"ನಾನೇ ಗಂಡ."

"ಓ! ನೀವು ಕ್ಯಾಮೆರಾದೋರು ಅಂದ್ಕೊಂಡಿದ್ದೆ" ಎಂದು ಟೈಲರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳತೆ ಮಾಡಿದರು. ಬಟ್ಟೆ ಸಾಲದು ಎಂಬಂತಿತ್ತು ಆ ನೋಟ.

ನನಗೆ ಇದರಿಂದ ನಾಚಿಕೆಯಾಯಿತೆಂದು ತಿಳಿಯಬೇಡಿ. ಹೆಮ್ಮೆಯಾಯಿತು! ಬೀದಿಯಾಚೆಯವರ ಹೊಟ್ಟೆಯನ್ನೂ ಚುರ್ ಎನ್ನಿಸುವ ನಟನೆ! ಕಾಲೇಜಿನಲ್ಲಿ ಅದುವರೆಗಿನ ತುಣುಕುಗಳನ್ನು ತೋರಿಸಿದಾಗ ಮೇಷ್ಟ್ರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಏನು ಹಂಬಲ ಆ ಕಣ್ಣಲ್ಲಿ! ಮೊದಲ ದಿನ ನಟಿಸ್ತಿದಾಳೆ, ನಾಲ್ಕನೇ ದಿನಕ್ಕೆ ನಿಜವಾಗ್ಲೂ ಕಾಯ್ತಿದಾಳೆ. ಹೇಗಯ್ಯಾ ಮಾಡಿಸ್ದೆ?"

"ನಿರ್ದೇಶನ, ಸರ್" ಎಂದೆ ವಿನಯದಿಂದ.

ಹೀಗೆ ಎಂಟು ದಿನ ಕಳೆದವು. ಒಂಬತ್ತನೆಯ ದಿನಕ್ಕೆ ಉಳಿದದ್ದು ಒಂದೇ ಶಾಟು. ಮರುದಿನ ಬೆಳಿಗ್ಗೆ ಅವಳ ರೈಲು. ನಾನು ನೆಲದ ಮೇಲೆ ಕೂತು, ಲೆನ್ಸಿನ ಮೇಲೆ ಬಿದ್ದ ಒಂದು ಧೂಳಿನ ಕಣದೊಡನೆ ಯುದ್ಧ ನಡೆಸಿದ್ದೆ. ತಲೆಯ ಮೇಲಿನಿಂದೆಲ್ಲೋ ಅವಳ ದನಿ ಕೇಳಿಸಿತು.

"ಇವತ್ತು ಕೊನೇ ದಿನ. ನಾನು ದೋಣಿಗೆ ಹೊರಟೆ. ಬರ್ತೀಯಾ?"

"ಹೂಂ ಹೂಂ. ಅಲ್ಲಾಡಬೇಡ, ಹಾಗೇ ಇರು" ಎಂದೆ.

ಧೂಳು ಸೋತಿತು. ಲೆನ್ಸು ಸಿಕ್ಕಿಸಿ, ಕ್ಯಾಮೆರಾ ಚಾಲೂ ಮಾಡಿದೆ. ಗೋಡೆಯ ಮೇಲೆ ಗೆರೆ ಮೂಡಿತು, ಇಳಿಯಿತು, ಮೇಜನ್ನು ತುಂಬಿತು, ಕುರ್ಚಿಗೆ ಬಂದಿತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ!

ಕರೆದೆ. ಸ್ನಾನದ ಕೋಣೆ ಖಾಲಿ. ಕಿಟಕಿಯಿಂದ ಟೈಲರಮ್ಮನನ್ನು ಕೂಗಿದೆ, ಅವರೂ ಇರಲಿಲ್ಲ. ಅವರ ಕಿಟಕಿ ಮಾತ್ರ ನನ್ನ ಗೆರೆಗೆ ಸರಿಯಾಗಿ ಓರೆಯಾಗಿ ತೆರೆದಿತ್ತು. ಬೆಳಕು ಸುಮ್ಮನೆ ಸುರಿದುಹೋಗುತ್ತಿತ್ತು. ವಿಜ್ಞಾನದ ವಿದ್ಯಾರ್ಥಿ ಇಂಥ ಹೊತ್ತಿನಲ್ಲಿ ಅಳುವುದಿಲ್ಲ, ಅಳತೆ ತೆಗೆದುಕೊಳ್ಳುತ್ತಾನೆ. ಅವಳ ಜಾಗದಲ್ಲಿ ಬೆಳಕು ಎಷ್ಟಿದೆ ನೋಡೋಣವೆಂದು ಕುರ್ಚಿಯಲ್ಲಿ ಕೂತೆ. ತಣ್ಣಗಾದ ಚಹಾದ ಕಪ್ ಕೈಗೆತ್ತಿಕೊಂಡೆ. ಬೆನ್ನಿಗೆ ಏನೋ ಮೆತ್ತಗೆ, ಬೆಚ್ಚಗಿತ್ತು. ಬಿಸಿಲಿನ ಮಹಿಮೆ ಎಂದುಕೊಂಡೆ. ಅವಳು ದಿನವೂ ನೋಡುತ್ತಿದ್ದ ಕಡೆಗೆ ನೋಡಿದೆ.

ಎಂಟು ದಿನ ನಾನು ಕಿಟಕಿಗೆ ಬೆನ್ನು ಹಾಕಿ ಅವಳ ಮುಖವನ್ನೇ ನೋಡುತ್ತಿದ್ದೆ. ಆ ಕುರ್ಚಿಯಲ್ಲಿ ಒಮ್ಮೆಯೂ ಕೂತಿರಲಿಲ್ಲ. ಅಲ್ಲಿಂದ, ಟೈಲರಮ್ಮನ ಮನೆಗೂ ಪಕ್ಕದ ಕಟ್ಟಡಕ್ಕೂ ನಡುವಿನ ಸಂದಿಯಲ್ಲಿ, ಕೆರೆ ಕಾಣುತ್ತಿತ್ತು! ಒಂದು ಬಾಗಿಲಿನಷ್ಟು ಅಗಲದ ಕೆರೆ, ಪೂರ್ತಿ ಬಂಗಾರ. ನಾನು ನೋಡುತ್ತಿದ್ದಂತೆಯೇ ಆ ಸಂದಿಯೊಳಕ್ಕೆ ನಾಲ್ಕು ಗಂಟೆಯ ದೋಣಿ ನಿಧಾನವಾಗಿ ತೇಲಿ ಬಂತು.

ಮೇಷ್ಟ್ರು ಕಣ್ಣೊರೆಸಿಕೊಂಡ ಹಂಬಲ ಯಾವುದರದ್ದೆಂದು ಆಗ ಗೊತ್ತಾಯಿತು. ಅವಳು ಕಾಯುತ್ತಿದ್ದದ್ದು ನನ್ನ ಕತೆಯ ಗಂಡನಿಗಲ್ಲ. ಪ್ರತಿ ಸಂಜೆ ಅವಳ ಕಣ್ಣೆದುರೇ ಅವಳ ದೋಣಿ ಅವಳಿಲ್ಲದೆ ಹೋಗುತ್ತಿತ್ತು. ಎರಡು ಹೆಜ್ಜೆ ದೂರದಲ್ಲಿ ನಿಂತು ನಾನು, "ಆ ನೋಟ ಹಾಗೇ ಇರಲಿ" ಎನ್ನುತ್ತಿದ್ದೆ.

ದೋಣಿಯ ತುದಿಯಲ್ಲಿ ಹಳದಿ ಬಣ್ಣದ ಒಂದು ಚುಕ್ಕೆ ಕಂಡಿತು. ಅವಳೇ! ಕೂತಲ್ಲಿಂದಲೇ ಕೈ ಬೀಸಿದೆ. ಹಳದಿ ಚುಕ್ಕೆಯೂ ಕೈ ಬೀಸಿತು! ನನ್ನ ಕಣ್ಣು ತುಂಬಿ ಕೆರೆ ಕಲಸಿಹೋಯಿತು. ದೋಣಿ ಸಂದಿಯಿಂದ ಮರೆಯಾಗುವವರೆಗೂ, ಕೋಣೆ ಮತ್ತೆ ಬಾಡಿಗೆ ಕೋಣೆಯಾಗುವವರೆಗೂ ಕೈ ಬೀಸುತ್ತಲೇ ಇದ್ದೆ. ಕ್ಯಾಮೆರಾ ಇಷ್ಟನ್ನೂ ತೆಪ್ಪಗೆ ನೋಡುತ್ತಿತ್ತು.

ಅಂದು ಎಡಿಟಿಂಗ್ ಕೋಣೆಗೆ ಹೋಗಲಿಲ್ಲ. ಕತ್ತಲಾಗುವ ಹೊತ್ತಿಗೆ ಅವಳು ಕೆದರಿದ ಕೂದಲಿನಲ್ಲಿ, ಕೆನ್ನೆ ಕೆಂಪಗೆ ಮಾಡಿಕೊಂಡು ಬಂದಳು. ಕ್ಷಮೆ ಕೇಳಿದೆ. ಮಾತಿನಲ್ಲಿ ಸಾಲದೆನ್ನಿಸಿ, "ನನ್ನ ಸಿನಿಮಾದಲ್ಲಿ ಗಂಡ ಬರ್ತಾನೆ. ತಡವಾಗಿ ಬಂದು, ಅವಳ ಕುರ್ಚೀಲಿ ತಾನು ಕೂತು ಕಾಯ್ತಾನೆ. ನೋಡು" ಎಂದು ಆ ಶಾಟನ್ನು ತೋರಿಸಿದೆ. ಅವಳು ನೋಡಿದಳು. ತೆರೆಯ ಮೇಲೆ ನಾನು ಕೈ ಬೀಸತೊಡಗಿದಾಗ ನನ್ನ ತೋಳಿಗೆ ಒರಗಿಕೊಂಡಳು.

"ಯಾರಿಗೆ ಕೈ ಬೀಸ್ತಿದೀಯ?" ಎಂದಳು ಮೆಲ್ಲಗೆ.

"ನಿನಗೇ! ದೋಣೀಲಿ ಹಳದಿ ಸ್ವೆಟರ್ ಹಾಕ್ಕೊಂಡು ನೀನೂ ಬೀಸಿದೆಯಲ್ಲ!"

ಅವಳು ನೆಟ್ಟಗೆ ಕೂತಳು. "ನಿಲ್ಸು. ನಿನ್ನ ಬೆನ್ನ ಹಿಂದೆ, ಕುರ್ಚಿ ಮೇಲೆ ಏನಿದೆ ನೋಡು."

ನೋಡಿದೆ. ಕುರ್ಚಿಯ ಬೆನ್ನಿಗೆ, ಚೌಕಟ್ಟಿನ ನಟ್ಟನಡುವೆ, ಹಳದಿ ಸ್ವೆಟರ್ ತೂಗಾಡುತ್ತಿತ್ತು! ಎಂಟು ದಿನ ಅದೇ ಜಾಗದಲ್ಲಿ ಅದೇ ಹಳದಿಯನ್ನು ನೋಡಿ ರೂಢಿಯಾದ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಚುಚ್ಚತ್ತೆ ಅಂತ ತೆಗೆದಿಟ್ಟು ಹೋದೆ. ಅಲ್ಲದೆ ಜೊತೆಗೆ ಎದುರು ಮನೆ ಟೈಲರಮ್ಮನ್ನ ಕರ್ಕೊಂಡು ಹೊರಟಿದ್ದೆ, ನಾಲ್ಕು ಗಂಟೆ ದೋಣಿ ನಮಗೆ ಸಿಗಲೇ ಇಲ್ಲ. ಟೈಲರಮ್ಮ ಬಾಗಿಲಿಗೆ ಬೀಗ ಹಾಕಿದೆನಾ ಇಲ್ವಾ ಅಂತ ಅರ್ಧ ದಾರಿಯಿಂದ ವಾಪಸ್ ಬಂದ್ರು. ನಾವು ಹೋಗಿದ್ದು ಐದು ಗಂಟೆದು. ಹಾಗಾದ್ರೆ ಇಷ್ಟೊಂದು ಪ್ರೀತಿಯಿಂದ, ಕಣ್ಣೀರು ಸುರಿಸ್ಕೊಂಡು ನೀನು ಕೈ ಬೀಸಿದ್ದು ಯಾರಿಗೆ?"

ಶಾಟನ್ನು ಹಿಂದಕ್ಕೋಡಿಸಿ ಹುಡುಕಿದೆ, ಆದರೆ ಕ್ಯಾಮೆರಾ ಕೂಡ ನನ್ನಂತೆಯೇ ಕಿಟಕಿಗೆ ಬೆನ್ನು ಹಾಕಿತ್ತು! ಮುಂದೆ ಪ್ರದರ್ಶನದ ದಿನ ಮೇಷ್ಟ್ರು ಚಿತ್ರವನ್ನು ನಿಲ್ಲಿಸಿ, "ಇದಪ್ಪಾ ದಾಂಪತ್ಯ!" ಎಂದು ಉದ್ಗರಿಸಿದರು. ಹಿಂದಿನ ಸಾಲಿನಿಂದ ಯಾರೋ, "ಸರ್, ಅವಳ ಬಲಗೈಯಲ್ಲಿದ್ದ ಕಪ್ ಇವನ ಎಡಗೈಯಲ್ಲಿದೆ!" ಎಂದು ಕೂಗಿದರು. ಹೌದು, ಬಲಗೈ ಬೀಸುವುದರಲ್ಲಿತ್ತಲ್ಲ!

ಅದಿರಲಿ. ಆ ರಾತ್ರಿಯೇ ಅವಳು ತನ್ನ ಆಸ್ಪತ್ರೆಗೆ ಫೋನು ಮಾಡಿ ಒಂದು ದಿನ ರಜ ಹೆಚ್ಚಿಸಿಕೊಂಡಳು. ಮರುದಿನ ನಾಲ್ಕು ಗಂಟೆಯ ದೋಣಿಯಲ್ಲಿ ನಾವಿಬ್ಬರೂ ಇದ್ದೆವು. ಕ್ಯಾಮೆರಾ ತಂದಿರಲಿಲ್ಲ. ಕೆರೆಯ ನಡುವಿನಿಂದ, ಎರಡು ಕಟ್ಟಡಗಳ ಸಂದಿಯಲ್ಲಿ, ನಮ್ಮದೇ ಕಿಟಕಿ ಒಂದು ಕಿಡಿಯಂತೆ ಹೊಳೆಯುತ್ತಿತ್ತು. ಒಳಗೆ ಬೆಳಕು ಗೋಡೆಯಿಂದ ಇಳಿದು, ಮೇಜನ್ನು ದಾಟಿ, ಖಾಲಿ ಕುರ್ಚಿಯಲ್ಲಿ ತನ್ನಷ್ಟಕ್ಕೆ ಬಂದು ಕೂತಿರಬೇಕು. ನೋಡಲು ಯಾರೂ ಇರಲಿಲ್ಲ. ನೀರು ದೋಣಿಯ ಪಕ್ಕೆಯನ್ನು ಸವರುತ್ತಿತ್ತು.

ಸೆಖೆಯಿತ್ತು. ಅವಳ ಹಣೆಯಲ್ಲಿ ಬೆವರು ಕಂಡು ಕೇಳಿದೆ, "ಈ ಬಿಸಿಲಲ್ಲಿ ಮತ್ತೆ ಯಾಕೆ ಇದೇ ಸ್ವೆಟರ್ ಹಾಕ್ಕೊಂಡೆ? ಚುಚ್ಚತ್ತೆ ಅಂತಿದ್ದೆ?"

"ಚುಚ್ಚಲಿ ಬಿಡು" ಎಂದು ಅವಳು ಕೊರಳ ಗುಂಡಿ ಹಾಕಿಕೊಂಡಳು. "ಇವತ್ತಾದ್ರೂ ನಿಂಗೆ ಹೆಂಡ್ತಿ ಗುರುತು ಸಿಗಲಿ!"