ಠಾಣೆಯಲ್ಲಿ ಇಳಿಯಗೊಡದ ನವಿಲಿನ ಬಗ್ಗೆ

ಸೌಂದರ್ಯ ಮತ್ತು ಸೃಜನಶೀಲತೆಯ ಮನೋವಿಜ್ಞಾನ ಸಂಶೋಧನಾ ಪ್ರಶಸ್ತಿ ಕೋಶ, ಠಾಣೆ

ಸಂಖ್ಯೆ: ಸೌಸೃ/ಪ್ರಶಸ್ತಿ/ನವಿಲು/17

ವಿಷಯ: ಶ್ರೀಮತಿ ನೀಲಗಂಗಾ ಅವರ ಪ್ರಶಸ್ತಿ ಅರ್ಜಿ ಹಾಗೂ ತಪಾಸಣೆಗೆ ಹೋದ ಸಿಬ್ಬಂದಿ ಸಕಾಲಕ್ಕೆ ರೈಲಿನಿಂದ ಇಳಿಯುವ ಬಗ್ಗೆ.

ಉಲ್ಲೇಖ: ಅರ್ಜಿದಾರರ ಡೈರಿ, ಸಹಪ್ರಯಾಣಿಕರ ತಕರಾರು, ಅರ್ಧ ನವಿಲು.

1. ಕಲ್ಯಾಣದ ನಿವಾಸಿ ನೀಲಗಂಗಾ ಅವರು ಮುಂಬೈನ ದಾದರಿನ ಕಚೇರಿಯೊಂದರಲ್ಲಿ ಗುಮಾಸ್ತೆ. ಧಾರವಾಡದ ಕಡೆಯವರು, ಕಸೂತಿ ತಾಯಿಯಿಂದ ಬಂದದ್ದು. ಹನ್ನೊಂದು ವರ್ಷಗಳಿಂದ ಬೆಳಗಿನ 8-12ರ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕೂತು ಕಸೂತಿ ಹಾಕುತ್ತಾರೆ. ಅದನ್ನು ನೋಡುವವರು ಠಾಣೆ ಸ್ಟೇಷನ್ನಿನಲ್ಲಿ ಇಳಿಯುವುದನ್ನೇ ಮರೆತು ಮುಂದಿನ ನಿಲುಗಡೆಯಾದ ಘಾಟ್‌ಕೋಪರ್ ತಲುಪುತ್ತಾರೆಂಬುದು ಅವರ ಸಂಶೋಧನೆ. ಇಂಥ 143 ಪ್ರಕರಣಗಳನ್ನು ಡೈರಿಯಲ್ಲಿ ಹೆಸರು ಸಮೇತ ದಾಖಲಿಸಲಾಗಿದೆ.

2. ಕಾರಣವನ್ನೂ ಅವರೇ ವಿವರಿಸಿದ್ದಾರೆ. ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಎಳೆ ಹಾಕುತ್ತದೆ, ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ. ಸೂಜಿ ಹಿಂದಿರುಗುವವರೆಗೆ ಬಟ್ಟೆಯ ಮೇಲಿನ ನವಿಲು ಪೂರ್ತಿಯಾಗುವುದಿಲ್ಲ, ನೋಡುವವರಿಗೆ ಜೀವ ತಡೆಯುವುದಿಲ್ಲ. ಅಷ್ಟರಲ್ಲಿ ಠಾಣೆ ಹಿಂದೆ ಬಿದ್ದಿರುತ್ತದೆ.

3. ಕಚೇರಿಯಲ್ಲಿ ಒಂಬತ್ತು ಲೇಟ್ ಮಾರ್ಕ್ ಬಿದ್ದ ಸಹಪ್ರಯಾಣಿಕರಾದ ಜಯಲತಾ ಅವರು, "ಠಾಣೆ ದಾಟುವವರೆಗೆ ಅದನ್ನು ಬ್ಯಾಗಲ್ಲಿ ಇಡಿ ಮಾರಾಯ್ರೆ" ಎಂದು ತಕರಾರು ಎತ್ತಿದ್ದು, ಡಬ್ಬಿಯವರೆಲ್ಲ ದನಿಗೂಡಿಸಿದ್ದಾರೆ. ತಾವು ತಡವಾಗುವುದು ಸೋಮಾರಿತನವಲ್ಲ, ವಿಜ್ಞಾನವೇ ಹೌದೆಂದು ಪ್ರಶಸ್ತಿ ಬಂದರೆ ಮಾತ್ರ ಬಟ್ಟೆ ಹೊರತೆಗೆಯಬಹುದೆಂದು ಡಬ್ಬಿಯಲ್ಲಿ ತೀರ್ಮಾನಿಸಲಾಗಿದೆ.

4. ಈ ಬಗ್ಗೆ ನೀಲಗಂಗಾ ಅವರ ಹೇಳಿಕೆ ಪಡೆಯಲಾಯಿತು: "ಮನ್ಯಾಗ ಅಡಗಿ, ಆಫೀಸಿನ್ಯಾಗ ಫೈಲು. ಇದೊಂದ ತಾಸು ನಂದು ಅಂತ ಇತ್ರಿ. ಅದನ್ನೂ ಬ್ಯಾಗಿನ್ಯಾಗ ಇಟ್ಟು ಕುಂತೇನಿ." ಇದನ್ನು ಓದಿ ಕೋಶಕ್ಕೆ ಬಹಳ ಬೇಸರವಾಗಿದೆ. ಬೇಸರಕ್ಕೆ ನಿಗದಿತ ನಮೂನೆ ಇಲ್ಲದ ಕಾರಣ ಬಿಳಿ ಹಾಳೆಯಲ್ಲಿ ಬರೆದು ಕಡತಕ್ಕೆ ಸೇರಿಸಲಾಗಿದೆ.

5. ಆದರೂ ಜನ ಮೈಮರೆತದ್ದು ಸೌಂದರ್ಯಕ್ಕೋ ನಿದ್ದೆಗೋ ಎಂಬುದು ಸಾಬೀತಾಗಬೇಕಿತ್ತು. ತಪಾಸಣೆಯ ದಿನಗಳಲ್ಲಿ ಮಾತ್ರ ಬಟ್ಟೆ ಹೊರತೆಗೆಯಲು ಡಬ್ಬಿಯವರ ಒಪ್ಪಿಗೆ ಪಡೆಯಲಾಯಿತು. ಮೊದಲು ಕಳಿಸಿದ ಸಹಾಯಕ ಭುಜಂಗ ಅವರಿಗೆ ಲೇಡೀಸ್ ಡಬ್ಬಿ ಹತ್ತುವಂತಿರಲಿಲ್ಲ. ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಇಪ್ಪತ್ತು ಸೆಕೆಂಡು ಪರಿಶೀಲಿಸಿ, "ಬಟ್ಟೆ ಇದೆ" ಎಂದು ವರದಿ ಸಲ್ಲಿಸಿದ್ದಾರೆ.

6. ನಂತರ ಅಮಿತಾ ಅವರನ್ನು ಕಳಿಸಲಾಯಿತು. ಠಾಣೆಗೆ ಮುಂಚಿನ ಕಳವಾ ಬರುತ್ತಲೇ ಎದ್ದು ಬಾಗಿಲು ಸೇರದವರಿಗೆ ಠಾಣೆ ದಕ್ಕದೆಂಬುದು ಈ ಲೈನಿನಲ್ಲಿ ಹುಟ್ಟಿ ಬೆಳೆದ ಅವರಿಗೆ ಗೊತ್ತಿರತಕ್ಕದ್ದು. ಅವರೂ ಘಾಟ್‌ಕೋಪರ್ ತಲುಪಿದ್ದಾರೆ. ವಿವರಣೆ ಕೇಳಲಾಗಿ, "ಮೇಡಂ, ಕಳವಾದಲ್ಲಿ ಎದ್ದೇ ಇದ್ದೆ. ಪಣ್... ಆದರೆ ಕೊಕ್ಕು ಬಾಕಿ ಇತ್ತಲ್ಲ, ಕೂತೆ" ಎಂದು ತಿಳಿಸಿದ್ದಾರೆ.

7. ಕಳವಾ ಬರುವುದರೊಳಗೆ ಸೂಜಿಯ ವಾಪಸು ಪ್ರಯಾಣ ಮುಗಿಸುವಂತೆ ಅರ್ಜಿದಾರರಿಗೆ ಸೂಚಿಸಲಾಗಿತ್ತು. ಅವಸರದಲ್ಲಿ ನವಿಲಿಗೆ ಒಂದೇ ಕಾಲು ಬಂತು. ಅಯ್ಯೋ ಪಾಪ ಎಂದು ನೋಡುತ್ತ ಇನ್ನೂ ನಾಲ್ವರು ಠಾಣೆ ದಾಟಿದ್ದರಿಂದ ಸದರಿ ಸೂಚನೆಯನ್ನು ಹಿಂಪಡೆಯಲಾಗಿದೆ.

8. ಇನ್ನು ಮುಂದೆ ತಪಾಸಣಾ ಸಿಬ್ಬಂದಿಯು ಅ) ನವಿಲಿನತ್ತ ಬೆನ್ನು ಮಾಡಿ ಕೂತು ಅದನ್ನು ಕೂಲಂಕಷವಾಗಿ ಪರಿಶೀಲಿಸತಕ್ಕದ್ದು; ಆ) "ಆಮೇಲೆ?" ಎಂದು ಕೇಳತಕ್ಕದ್ದಲ್ಲ, ಇ) ಮುಂಬ್ರಾ ಸ್ಟೇಷನ್ ದಾಟಿದ ಮೇಲೆ ಜುಟ್ಟಿನ ಬಣ್ಣದ ಬಗ್ಗೆ ಸಲಹೆ ಕೊಡತಕ್ಕದ್ದಲ್ಲ.

9. ಹೊತ್ತಿಗೆ ಸರಿಯಾಗಿ ಇಳಿಯುವುದು ಹೇಗೆಂದು ಸಿಬ್ಬಂದಿಗೆ ತೋರಿಸಿಕೊಡಲು ಮುಖ್ಯಾಧಿಕಾರಿಗಳು ಇಂದು ಬೆಳಿಗ್ಗೆ ಖುದ್ದಾಗಿ 8-12 ಹತ್ತಿದ್ದಾರೆ. ತಪಾಸಣೆ ಸಂಪೂರ್ಣ ತೃಪ್ತಿಕರವಾಗಿದೆ.

10. ಆದ್ದರಿಂದ ಈ ಸಾಲಿನ ಪ್ರಶಸ್ತಿಯನ್ನು ನೀಲಗಂಗಾ ಅವರಿಗೆ ನೀಡಿ ಆದೇಶಿಸಲಾಗಿದೆ. ನಾಳೆಯಿಂದ ಬಟ್ಟೆ ಬ್ಯಾಗಿನಿಂದ ಹೊರಗಿರತಕ್ಕದ್ದು. ಆ ಒಂದು ತಾಸು ಅವರದೇ ಎಂದು ಈ ಮೂಲಕ ಖಚಿತಪಡಿಸಲಾಗಿದೆ.

ಸಹಿ/-
ನೇತ್ರಾ
ಮುಖ್ಯಾಧಿಕಾರಿ
ಸ್ಥಳ: ಘಾಟ್‌ಕೋಪರ್

ಪ್ರತಿಗಳು:
1. ಜಯಲತಾ: ಲೇಟ್ ಮಾರ್ಕಿಗೆ ಲಗತ್ತಿಸಲು, ಒಂಬತ್ತು ಪ್ರತಿ.
2. ಭುಜಂಗ: ಬಟ್ಟೆ ಇರುವುದು ನಿಜವೆಂದು ಕಂಡುಬಂದಿದೆ.
3. ಅಮಿತಾ: ವಿವರಣೆಯನ್ನು ಒಪ್ಪಲಾಗಿದೆ.
4. ನೀಲಗಂಗಾ: ಡೈರಿಯಲ್ಲಿ ಇಂದಿನ ಹೆಸರು ಸೇರಿಸುವುದು. ನವಿಲಿನ ಎರಡನೇ ಕಾಲು ನಾಳೆ ಹಾಕುವುದಾದರೆ ಮುಖ್ಯಾಧಿಕಾರಿಗಳಿಗೆ ಕಿಟಕಿ ಪಕ್ಕದ ಸೀಟು ಹಿಡಿದಿಡುವುದು.